ಮೇಲೇರದ ರಿಪೋರ್ಟ್

ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ಠಾಣೆಗೆ ಬಂದ ದೂರು ಕಳ್ಳತನದ್ದೂ ಅಲ್ಲ, ಹೊಡೆದಾಟದ್ದೂ ಅಲ್ಲ. ದೂರು ತಂದವರು ಒಂದು ಖಾಸಗಿ ಲ್ಯಾಬ್ ನಡೆಸುವ ಡಾಕ್ಟರಮ್ಮ. ಕೂರಿ ಎಂದರೂ ಕೂರಲಿಲ್ಲ.

"ನಮ್ಮ ವೆಬ್‌ಸೈಟಿಗೆ ಫೈಲ್ ಹೋಗ್ತಿಲ್ಲ. ಯಾರೋ ಬೇಕಂತಲೇ ತಡೀತಿದಾರೆ."

ಇನ್ಸ್‌ಪೆಕ್ಟರ್ ಪೆನ್ನಿನ ಮುಚ್ಚಳ ಹಾಕಿದರು. ಮನೆಯ ಟಿವಿ ರಿಮೋಟನ್ನೇ ಮಗಳಿಂದ ಹೇಳಿಸಿಕೊಂಡು ಒತ್ತುವ ಮನುಷ್ಯ ಅವರು. "ಅದಕ್ಕೆ ಕಂಪ್ಯೂಟರಿನವರ ಹತ್ರ ಹೋಗ್ಬೇಕಲ್ವಾ ಮೇಡಂ?"

"ಅದೆಲ್ಲ ಆಯ್ತು. ಇವತ್ತು ಮೂರು ಗಂಟೆಗೆ ಒಬ್ಬ ಹೆಂಗಸಿಗೆ ಎದೆ ಆಪರೇಷನ್. ಗಡ್ಡೆಯ ಚೂರು ನೋಡಿ ಕ್ಯಾನ್ಸರ್ ಅಂತ ರಿಪೋರ್ಟ್ ಬರೆದೋಳು ನಾನು. ಅದು ತಲುಪದಿದ್ರೆ ಆಪರೇಷನ್ ನಿಲ್ಲುತ್ತೆ. ಆ ಸರ್ಜನ್ ಮತ್ತೆ ಸಿಗೋದು ಎರಡು ತಿಂಗಳಿಗೆ. ಈ ಕಾಯಿಲೆ ಅಲ್ಲೀವರೆಗೆ ಸುಮ್ನೆ ಕೂರಲ್ಲ."

"ಫೋನಲ್ಲಿ ಹೇಳ್ಬಿಡಿ."

"ಒಪ್ಪಲ್ಲ. ವಾಟ್ಸಾಪಲ್ಲಿ ಕಳಿಸಿದ್ರೂ ಆಸ್ಪತ್ರೆಯವರು ಒಪ್ಪಲ್ಲ. ನಮ್ಮ ವೆಬ್‌ಸೈಟಿಂದ ಅವರೇ ಇಳಿಸ್ಕೋಬೇಕು. ಹಿಂದೆ ಯಾವನೋ ತಿದ್ದಿದ ರಿಪೋರ್ಟ್ ಕಳಿಸಿದ್ನಂತೆ, ಅವತ್ತಿಂದ ಅದೇ ನಿಯಮ."

"ಯಾರ ಮೇಲೆ ಅನುಮಾನ?"

"ಎದುರು ರಸ್ತೆ ಲ್ಯಾಬಿನವರು. ನಮ್ಮ ಏಳಿಗೆ ಕಂಡ್ರೆ ಅವರ ಹೊಟ್ಟೆ ಉರಿಯುತ್ತೆ."

ಎಫ್‌ಐಆರ್ ದಾಖಲಾಯಿತು. ಸೈಬರ್ ತರಬೇತಿ ಮುಗಿಸಿ ಬಂದಿದ್ದ ಮಹಿಳಾ ಕಾನ್‌ಸ್ಟೇಬಲ್ ಒಬ್ಬಳನ್ನು ಕರೆದುಕೊಂಡು ಇನ್ಸ್‌ಪೆಕ್ಟರ್ ಲ್ಯಾಬಿಗೆ ಹೊರಟರು.

ಮುಂದೆ ರಕ್ತ ತೆಗೆಯುವ ಕೋಣೆ, ಹಿಂದೆ ಸ್ಲೈಡ್ ಕೋಣೆ, ನಡುವೆ ಕಂಪ್ಯೂಟರ್ ಮೇಜು. ಗಡ್ಡೆಯ ಚೂರು ಕೆಡದಂತೆ ಇಡುವ ಫಾರ್ಮಲಿನ್ ವಾಸನೆಗೆ ಇನ್ಸ್‌ಪೆಕ್ಟರ್ ಕಣ್ಣು ಚುರುಗುಟ್ಟಿತು. ಹಿಂದಿನ ಕೋಣೆಯಿಂದ ಬಿಳಿ ಕೋಟಿನ ಯುವಕನೊಬ್ಬ ಇಣುಕಿದ.

"ನನ್ನ ತಮ್ಮ. ಸ್ಲೈಡ್ ಮಾಡೋದೆಲ್ಲ ಇವನೇ," ಎಂದರು ಡಾಕ್ಟರ್.

"ಇವತ್ತೇ ಸರಿಹೋಗುತ್ತಾ ಸರ್?" ಎಂದು ಕೇಳಿದ ತಮ್ಮ. ಪಾಪ, ಅಕ್ಕನ ಚಿಂತೆ ಇವನಿಗೂ ಹತ್ತಿದೆ ಎಂದುಕೊಂಡರು ಇನ್ಸ್‌ಪೆಕ್ಟರ್. ಪ್ರಯತ್ನ ಮಾಡ್ತೀವಿ ಎಂದರು. ಅವನು ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ಕಾನ್‌ಸ್ಟೇಬಲ್ ಮೊದಲು ಸರ್ವರ್ ಬಾಡಿಗೆಗೆ ಕೊಟ್ಟ ಕಂಪನಿಗೆ ಫೋನ್ ಮಾಡಿದಳು. ಅವರು ಬ್ರೌಸರ್ ಮುಚ್ಚಿ ತೆರೆಯಿರಿ ಎಂದರು, ಆಮೇಲೆ ಇಂಟರ್‌ನೆಟ್ ಆರಿಸಿ ಹಚ್ಚಿ ಎಂದರು. "ಗಾಡಿ ಕೆಟ್ರೆ ಹಾರನ್ ಹೊಡೆದು ನೋಡಿ ಅಂದ ಹಾಗಾಯ್ತು," ಎಂದು ಗೊಣಗಿದರು ಇನ್ಸ್‌ಪೆಕ್ಟರ್. ಅವಳು ಫೋನ್ ಇಟ್ಟು ತಾನೇ ಒಂದು ಫೈಲ್ ಕಳಿಸಿದಳು. ಪರದೆ ಕಳಿಸಿ ಆಯಿತು ಎಂದಿತು. ಸರ್ವರಿನಲ್ಲಿ ನೋಡಿದರೆ ಫೈಲಿನ ಹೆಸರಿತ್ತು, ಗಾತ್ರ ಮಾತ್ರ ಸೊನ್ನೆ.

"ಸರ್, ಅಲ್ಲಿ ಜಾಗ ಇಲ್ಲ. ಹೆಸರು ಬರೆಯೋಕೆ ಆಗುತ್ತೆ, ಒಳಗಿರೋದು ಹಿಡಿಸಲ್ಲ."

"ಜಾಗ ಎಲ್ಲಿ ಹೋಯ್ತು?"

"ಯಾರೋ ತುಂಬಿಸಿದಾರೆ. ನೋಡಿ, ಒಂದು ಫೋಲ್ಡರ್, ಬೆಟ್ಟದಷ್ಟು. ಮೇಡಂ, ಪಾಸ್‌ವರ್ಡ್ ಯಾರ್ಯಾರಿಗೆ ಗೊತ್ತು?"

"ಇಲ್ಲಿರೋರಿಗೆಲ್ಲ. ಒಂದೇ ಪಾಸ್‌ವರ್ಡ್. ಆ ಫೋಲ್ಡರ್ ಬೆಳಿಗ್ಗೆ ತೆರೆದೂ ನೋಡದೆ ನಾನೇ ಅಳಿಸಿದೆ. ಹತ್ತು ನಿಮಿಷಕ್ಕೆ ವಾಪಸ್ ಬಂತು."

ಗಡಿಯಾರ ಒಂದೂವರೆ ತೋರಿಸುತ್ತಿತ್ತು. ಪಕ್ಕದ ಔಷಧಿ ಅಂಗಡಿಯವರನ್ನೂ ಅವರ ಗಿರಾಕಿಯೊಬ್ಬರನ್ನೂ ಪಂಚರಾಗಿ ಕರೆಸಲಾಯಿತು. ಅವರ ಎದುರಿಗೆ ಫೋಲ್ಡರಿನ ಎರಡು ಪ್ರತಿ ತೆಗೆದು, ಒಂದನ್ನು ಸೀಲ್ ಮಾಡಿ, ಪಂಚನಾಮೆ ಬರೆದ ಮೇಲೆ ಕಾನ್‌ಸ್ಟೇಬಲ್ ಎರಡು ಕೆಲಸ ಮಾಡಿದಳು: ಮೊದಲು ಪಾಸ್‌ವರ್ಡ್ ಬದಲಾಯಿಸಿದಳು, ಆಮೇಲೆ ಫೋಲ್ಡರ್ ಅಳಿಸಿದಳು. ಈ ಸಲ ಅದು ವಾಪಸ್ ಬರಲಿಲ್ಲ. ಎರಡು ಗಂಟೆಗೆ ಬಾಕಿ ರಿಪೋರ್ಟುಗಳೆಲ್ಲ ಒಂದರ ಹಿಂದೊಂದು ಏರಿದವು. ಸ್ವಲ್ಪ ಹೊತ್ತಿಗೆ ಆಸ್ಪತ್ರೆಯಿಂದ ಫೋನ್ ಬಂತು, ರಿಪೋರ್ಟ್ ಸಿಕ್ಕಿತು, ರೋಗಿಯನ್ನು ಒಳಗೆ ಕರೆದುಕೊಳ್ಳುತ್ತೇವೆ ಎಂದು.

ಡಾಕ್ಟರ್ ಆಗ ಕುರ್ಚಿಯಲ್ಲಿ ಕೂತರು. ಇನ್ಸ್‌ಪೆಕ್ಟರಿಗೆ ಒಳಗೊಳಗೇ ಹೆಮ್ಮೆ. ಈ ವಯಸ್ಸಿನಲ್ಲಿ ಕಂಪ್ಯೂಟರ್ ಕೇಸ್ ಗೆದ್ದೆ ಎಂದು ಮಗಳಿಗೆ ಹೇಳಬೇಕು.

"ಈಗ ಕಳ್ಳನ್ನ ಹಿಡಿಯೋಣ. ಆ ಫೋಲ್ಡರಲ್ಲಿ ಏನಿತ್ತಮ್ಮಾ?"

"ಬರೀ ಫೋಟೋ ಸರ್. ನೇರಳೆ ಬಣ್ಣದ ಚುಕ್ಕಿ ಚುಕ್ಕಿ. ನೂರಾರು."

ಅವಳು ತೆರೆದ ಇನ್ನೊಂದು ಪ್ರತಿಯನ್ನು ಡಾಕ್ಟರ್ ಬಗ್ಗಿ ನೋಡಿ ಹುಬ್ಬು ಗಂಟಿಕ್ಕಿದರು. "ಇದು ನಮ್ಮ ಮೈಕ್ರೋಸ್ಕೋಪಿನ ಚಿತ್ರ. ಎಲ್ಲ ಒಂದೇ ಸ್ಲೈಡಿಂದು." ಯಾವ ಸ್ಲೈಡಾದರೂ ಮೊದಲ ಚಿತ್ರದಲ್ಲಿ ಅದರ ಚೀಟಿ ಕಾಣುವಂತೆ ತೆಗೆಯಬೇಕೆಂಬುದು ಈ ಲ್ಯಾಬಿನ ಪದ್ಧತಿ. ಜಾಗ ತುಂಬಿಸಲು ಕಸ ಹಾಕುವಾಗಲೂ ಹಾಕಿದವರು ಆ ಪದ್ಧತಿ ಬಿಟ್ಟಿರಲಿಲ್ಲ. ಚೀಟಿಯಲ್ಲಿದ್ದದ್ದು ಇವತ್ತು ಆಪರೇಷನ್ನಿಗೆ ಹೋಗಿರುವ ಹೆಂಗಸಿನ ನಂಬರು.

"ಆ ಕ್ಯಾಮೆರಾ ಯಾರು ಮುಟ್ತಾರೆ ಮೇಡಂ?"

ಡಾಕ್ಟರ್ ಮುಚ್ಚಿದ ಬಾಗಿಲ ಕಡೆ ನೋಡಿದರು.

ತಮ್ಮ ಒಂದು ಯಂತ್ರದ ಮುಂದೆ ಸ್ಟೂಲ್ ಹಾಕಿಕೊಂಡು ಕೂತಿದ್ದ.

"ಫೋಟೋ ಹಾಕಿದ್ದು ನೀನಾ?"

"ಹೌದು."

"ಯಾಕೆ?"

"ಸಾಯಂಕಾಲದವರೆಗೆ ನಿಂತ್ರೆ ಸಾಕಿತ್ತು ಸರ್. ಸ್ಲೈಡಿಗೆ ಗಡ್ಡೆ ಚೂರು ಕತ್ತರಿಸುವಾಗ ಇಬ್ಬರು ಹೆಂಗಸರ ಎರಡು ಡಬ್ಬಿ ಒಟ್ಟಿಗೆ ತೆರೆದೆ. ಒಂದು ಮುಚ್ಚಿ ಇನ್ನೊಂದು ತೆರೀಬೇಕು ಅಂತ ಅಕ್ಕ ಸಾವಿರ ಸಲ ಹೇಳಿದಾಳೆ. ಚೀಟಿ ಅದಲುಬದಲಾಗಿದೆ ಅನ್ನಿಸ್ತು. ಆ ಹೆಂಗಸಿನ ಹೆಸರಿದ್ದ ಡಬ್ಬೀಲಿ ಉಳಿದಿದ್ದ ಚೂರು ನಿನ್ನೆ ಸ್ಲೈಡಿಗೆ ಹದ ಮಾಡೋ ಈ ಯಂತ್ರಕ್ಕೆ ಹಾಕಿದೀನಿ, ಸಾಯಂಕಾಲ ಗೊತ್ತಾಗುತ್ತೆ. ರಿಪೋರ್ಟ್ ಹೋಗಲ್ವಲ್ಲ, ಆಪರೇಷನ್ ನಿಲ್ಲುತ್ತೆ ಅಂತ..."

"ರಿಪೋರ್ಟ್ ಹೋಗಿದೆ ಕಣೋ," ಎಂದರು ಇನ್ಸ್‌ಪೆಕ್ಟರ್. "ನಾವೇ ಕಳಿಸಿದ್ವಿ."

ಅವನು ಸ್ಟೂಲಿನಿಂದ ಎದ್ದ. "ನಿಲ್ಲಿಸಿ ಸರ್! ಅವರಿಗೆ ಏನೂ ಇಲ್ಲದಿದ್ರೆ?"

ಡಾಕ್ಟರ್ ಆಗಲೇ ಸರ್ಜನ್ನಿಗೆ ಫೋನ್ ಹಚ್ಚಿದ್ದರು. ಎತ್ತುವವರಿಲ್ಲ. ಆಸ್ಪತ್ರೆಯ ಕೌಂಟರಿನವರು ಲೈನಲ್ಲಿರಿ ಎಂದು ಹೇಳಿ ಸಂಗೀತ ಹಾಕಿದರು. ಇನ್ಸ್‌ಪೆಕ್ಟರ್ ಆ ಆಸ್ಪತ್ರೆಯ ಗೇಟಿನಲ್ಲಿದ್ದ ಪೊಲೀಸ್ ಹೊರಠಾಣೆಗೆ ಫೋನ್ ಮಾಡಿದರು. "ಆಪರೇಷನ್ ಥಿಯೇಟರಿಗೆ ಓಡು. ಯಾರು ತಡೆದ್ರೂ ನಿಲ್ಲಬೇಡ. ಕತ್ತಿ ಇಡಬೇಡಿ ಅಂತ ಕೂಗು. ಫೋನ್ ಕಟ್ ಮಾಡಬೇಡ."

ಫೋನಿನಲ್ಲಿ ಬೂಟಿನ ಸದ್ದು, ಏದುಸಿರು, ಯಾರದೋ ಬೈಗುಳ. ಆಮೇಲೆ ಏನೂ ಇಲ್ಲ. ಇನ್ಸ್‌ಪೆಕ್ಟರ್ ಫೋನನ್ನು ಕಿವಿಗೆ ಒತ್ತಿಕೊಂಡರು. ಬೆಳಗಿನಿಂದ ನೆಟ್ಟಗೆ ನಿಂತಿದ್ದ ತಡೆಯನ್ನು ಕಿತ್ತುಹಾಕಿದ್ದು ತಾವೇ. ಆ ಹೆಂಗಸಿನ ಮುಖವನ್ನೂ ಅವರು ಕಂಡಿರಲಿಲ್ಲ.

"ಸರ್," ಎಂದಿತು ಫೋನು. "ಮಂಪರು ಬರೋ ಇಂಜೆಕ್ಷನ್ ಕೊಟ್ಟಿದ್ರು. ಇನ್ನೂ ಕೈ ಹಾಕಿರಲಿಲ್ಲ. ನಿಲ್ಲಿಸಿದಾರೆ."

ಡಾಕ್ಟರ್ ಗೋಡೆಗೆ ಒರಗಿ ಅತ್ತರು. ಆಮೇಲೆ ತಮ್ಮನ ಕಡೆ ತಿರುಗಿದರು. "ನನಗೆ ಒಂದು ಮಾತು ಹೇಳಕ್ಕಾಗಲಿಲ್ವೇನೋ?"

"ಹೋದ ವರ್ಷ ಸ್ಲೈಡ್ ಒಡೆದಾಗ ಏನಂದೆ ಅಕ್ಕ? ಇನ್ನೊಂದು ತಪ್ಪು ಮಾಡಿದ್ರೆ ನಾನು ನಿನ್ನ ಅಕ್ಕ ಅಲ್ಲ ಅಂದೆ. ನನಗೆ ಇನ್ಯಾರಿದಾರೆ?"

ಸಾಯಂಕಾಲ ಐದೂವರೆಗೆ ಯಂತ್ರ ನಿಂತಿತು. ಡಾಕ್ಟರ್ ತಾವೇ ಸ್ಲೈಡ್ ಮಾಡಿ ನೋಡಿದರು. ಚೀಟಿ ಅದಲುಬದಲಾದದ್ದು ನಿಜ. ಥಿಯೇಟರಿನಿಂದ ವಾಪಸಾದವಳಿಗೆ ಕ್ಯಾನ್ಸರ್ ಇರಲಿಲ್ಲ. ತಮ್ಮನನ್ನು ಬಂಧಿಸಲಾಯಿತು. ಕೈಕೋಳ ಬೇಡ ಎಂದರು ಇನ್ಸ್‌ಪೆಕ್ಟರ್. ಅಕ್ಕನ ಕೋಪಕ್ಕೆ ಹೆದರಿ ಮಾಡಿದ ಅಪರಾಧಕ್ಕೆ ಕಾನೂನಿನ ಯಾವ ಕಲಮಿನಲ್ಲೂ ಬೇರೆ ಹೆಸರಿರಲಿಲ್ಲ.

ಅವನು ಜೀಪು ಹತ್ತುವಾಗ ಒಳಗೆ ಫೋನ್ ರಿಂಗಾಯಿತು. ಎರಡನೇ ಡಬ್ಬಿಯ ಹೆಂಗಸು. ಮಧ್ಯಾಹ್ನವೇ ವೆಬ್‌ಸೈಟಿನಲ್ಲಿ ರಿಪೋರ್ಟ್ ನೋಡಿದ್ದಳು. ಅವಳ ನಗು ಬಾಗಿಲಲ್ಲಿದ್ದ ಇನ್ಸ್‌ಪೆಕ್ಟರಿಗೂ ಕೇಳಿಸಿತು. "ಏನೂ ಇಲ್ಲ ಅಂತ ಬಂದಿದೆ ಡಾಕ್ಟ್ರೇ! ಮನೆ ತುಂಬ ನೆಂಟರು. ನಿಮ್ಮ ಬಾಯಿಗೆ ಸಕ್ಕರೆ ಹಾಕಬೇಕು."

ಡಾಕ್ಟರ್ ಜೀಪಿನ ಕಡೆ ನೋಡುತ್ತಾ ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ತಪ್ಪು ನಮ್ಮದಮ್ಮಾ," ಎಂದರು. "ಕೂತ್ಕೊಂಡು ಕೇಳು."