ಪೂವಕ್ಕಜ್ಜಿಯ ಸ್ಟಾರ್

ಆ ಗುರುವಾರ ಬೆಳಿಗ್ಗೆ ಕತಾರಿನ ಅಲ್ ಅಜೀಜಿಯಾದ ಆಕಾಶ ಗೋಧಿ ಹಿಟ್ಟು ಜರಡಿ ಹಿಡಿದ ಹಾಗಿತ್ತು. ರಾತ್ರಿಯಿಡೀ ಬೀಸಿದ ಧೂಳುಗಾಳಿ ಈಗಷ್ಟೇ ನಿಂತಿತ್ತು. ಸೂರ್ಯ ಇದ್ದ, ಆದರೆ ತಿಕ್ಕದ ಹಿತ್ತಾಳೆ ತಟ್ಟೆಯಂತೆ ಮಂಕಾಗಿದ್ದ. ಬಿಲ್ಡಿಂಗಿನ ಮುಂದೆ ಸಾಲಾಗಿ ನಿಂತ ಕಾರುಗಳೆಲ್ಲ ಒಂದೇ ಬಣ್ಣಕ್ಕೆ ತಿರುಗಿದ್ದವು. ಬಿಳಿ ಯಾವುದು, ಕಪ್ಪು ಯಾವುದು ಗೊತ್ತಾಗುತ್ತಿರಲಿಲ್ಲ.

ಸ್ಕೂಲ್ ಬಸ್ ಇನ್ನೂ ಬಂದಿರಲಿಲ್ಲ. ಭವ್ಯಶ್ರೀಗೆ ಅದರಿಂದ ಖುಷಿಯೇ ಆಯಿತು. ಅಪ್ಪನ ಕಾರಿನ ಗಾಜಿನ ಮೇಲೆ ಬೆರಳಿನಿಂದ ದೊಡ್ಡ ಅಕ್ಷರಗಳಲ್ಲಿ ಬರೆದಳು. ಧೂಳು ಸರಿದಲ್ಲೆಲ್ಲ ಅಕ್ಷರ ಚಂದ ಮೂಡಿತು.

"ಓದಿ ಅಜ್ಜಿ."

ಪೂವಕ್ಕಜ್ಜಿ ಕನ್ನಡಕದ ಡಬ್ಬಿ ತೆರೆದು ಕನ್ನಡಕ ಏರಿಸಿಕೊಂಡರು. ಅವರು ಅಪ್ಪನ ಅಮ್ಮ. ಬೆಳ್ತಂಗಡಿಯ ಕಡೆಯ ಹಳ್ಳಿಯಿಂದ ಚಳಿಗಾಲ ಕಳೆಯಲು ಕತಾರಿಗೆ ಬಂದಿದ್ದರು. ಅಜ್ಜ ಬಂದಿರಲಿಲ್ಲ. ದನ ಕಟ್ಟಿದ ಮನೆಯನ್ನು ಬಿಟ್ಟು ಇಬ್ಬರೂ ಬರಲಿಕ್ಕಾಗುತ್ತದಾ?

"ಐ... ಆಮ್... ಪೂವಕ್ಕ," ಎಂದು ಅಜ್ಜಿ ಓದಿದರು. ಇಂಗ್ಲಿಷ್ ಅಕ್ಷರಗಳನ್ನು ಅವರು ಇಲ್ಲಿಗೆ ಬಂದ ಮೇಲೆಯೇ ಕಲಿತದ್ದು. "ಈ ಆಮ್ ಅನ್ನುವವನು ಬಹಳ ನಾಚಿಕೆಯವನು ಮಗಾ. ಐ ಒಬ್ಬನ ಮನೆ ಬಿಟ್ಟರೆ ಬೇರೆ ಯಾರ ಮನೆಗೂ ಹೋಗುವುದಿಲ್ಲ."

"ಮತ್ತೆ ಈಸ್?"

"ಈಸ್ ಸ್ವಲ್ಪ ಪರವಾಗಿಲ್ಲ. ಹಿ, ಶಿ, ಇಟ್, ಮೂರು ಮನೆಯಲ್ಲೂ ಚಹಾ ಕುಡಿದು ಬರ್ತಾನೆ. ಈ ಆರ್ ಉಂಟಲ್ಲ, ಅವನು ಮಾತ್ರ ಹತ್ತು ಜನ ಸೇರಿದಲ್ಲಿ ಹಾಜರು. ಊಟದ ಪಂಕ್ತಿ ಕಂಡರೆ ಕೂತೇ ಬಿಡ್ತಾನೆ."

ಭವ್ಯಶ್ರೀಗೆ ನಗು ಬಂತು. ಕೂಡಲೇ ತಡೆದುಕೊಂಡಳು. ಟೀಚರ್ ಆದವರು ಕ್ಲಾಸಿನಲ್ಲಿ ನಗಬಾರದು.

ಅಜ್ಜಿಗೆ ಕಲಿಸುವುದು ಅವಳಿಗೆ ಆಟವಾಗಿರಲಿಲ್ಲ. ಬರುವ ಭಾನುವಾರ ಶಾಲೆಯಲ್ಲಿ ಗ್ರಾಂಡ್‌ಪೇರೆಂಟ್ಸ್ ಡೇ ಇತ್ತು. ಅಜ್ಜ ಅಜ್ಜಿಯರು ಸ್ಟೇಜಿಗೆ ಬರಬೇಕು, ಕ್ಲಾಸ್ ಟೀಚರ್ ಫಿಡೆಲಿಸ್ ಸರ್ ಇಂಗ್ಲಿಷಿನಲ್ಲಿ ಕೇಳುವ ಸಣ್ಣ ಸಣ್ಣ ಪ್ರಶ್ನೆಗಳಿಗೆ ಉತ್ತರ ಹೇಳಬೇಕು. ನಿಮ್ಮ ಹೆಸರೇನು, ಯಾವ ಊರು, ಗಂಡನ ಅಥವಾ ಹೆಂಡತಿಯ ಹೆಸರೇನು, ಅಷ್ಟೇ.

ಅಷ್ಟರಲ್ಲಿ ಭವ್ಯಶ್ರೀ ಒಂದು ಎಡವಟ್ಟು ಮಾಡಿಕೊಂಡಿದ್ದಳು. ಬಸ್ಸಿನಲ್ಲಿ ಪಕ್ಕ ಕೂರುವ ಸಹನಾ ಮೈಸೂರಿನವಳು. ಅವಳ ಅಜ್ಜ ವೆಂಕಟರಾಮು ಬ್ಯಾಂಕಿನಲ್ಲಿ ಆಫೀಸರ್ ಆಗಿದ್ದವರು. "ನಮ್ಮ ತಾತ ಇಂಗ್ಲಿಷಲ್ಲಿ ಸ್ಪೀಚೇ ಕೊಡ್ತಾರೆ. ನಿಮ್ಮಜ್ಜಿಗೆ ಇಂಗ್ಲಿಷ್ ಬರತ್ತೇನೇ?" ಎಂದು ಸಹನಾ ಕೇಳಿದ್ದಳು.

"ಬರ್ತದೆ. ಫ್ಲೂಯೆಂಟ್," ಎಂದಿದ್ದಳು ಭವ್ಯಶ್ರೀ. ಮಾತು ಬಾಯಿಂದ ಜಾರಿದ ಮೇಲೆ ಬಸ್ಸಿನ ತುಂಬ ಹರಡಿತ್ತು.

ಅಂದಿನಿಂದ ದಿನಾ ಕ್ಲಾಸ್. ಸರಿಯಾಗಿ ಹೇಳಿದರೆ ಅಜ್ಜಿಯ ಕನ್ನಡಕದ ಡಬ್ಬಿಯ ಮೇಲೆ ಬಂಗಾರ ಬಣ್ಣದ ಒಂದು ಸ್ಟಾರ್. ನಿನ್ನೆ ಅಜ್ಜಿ ತಪ್ಪಿಲ್ಲದೆ ತಮ್ಮ ಊರಿನ ಹೆಸರು ಹೇಳಿದ್ದರು. ಮೊದಲನೆಯ ಸ್ಟಾರ್ ಸಿಕ್ಕಿತ್ತು. ಅದನ್ನು ಅವರು ಪಕ್ಕದ ಫ್ಲ್ಯಾಟಿನ ಮಲಯಾಳಿ ಆಂಟಿಗೂ ತೋರಿಸಿ ಬಂದಿದ್ದರು.

ಭವ್ಯಶ್ರೀ ಗಾಜಿನ ಮೇಲೆ ಇನ್ನೊಂದು ಸಾಲು ಬರೆದಳು. "ಇದನ್ನು ಓದಿ. ಕೊನೆಗೆ ಅಜ್ಜನ ಹೆಸರು ನೀವೇ ಸೇರಿಸ್ಬೇಕು."

"ಮೈ ಹಸ್ಬೆಂಡ್ಸ್ ನೇಮ್ ಈಸ್..." ಅಜ್ಜಿ ನಿಂತರು. ರಸ್ತೆಯ ಕಡೆ ನೋಡಿದರು. "ಬಸ್ಸು ಬಂತಾ ಅಂತ."

"ಬರಲಿಲ್ಲ. ಹೇಳಿ."

"ಅದೊಂದು ಬೇಡ ಮಾರಾಯ್ತಿ. ಬೇರೆ ಎಂತ ಬೇಕಾದ್ರೂ ಕೇಳು. ಶಿ ಈಸ್ ಭವ್ಯಶ್ರೀ. ಇಟ್ ಈಸ್ ಕಾರ್. ಇಟ್ ಈಸ್ ಧೂಳು."

"ಅಜ್ಜಿ, ಸರ್ ಕೇಳುವುದು ಅದನ್ನೇ. ಇಷ್ಟು ಸುಲಭದ್ದು ನಿಮಗೆ ಬರುವುದಿಲ್ವಾ?"

ಅಜ್ಜಿ ಕನ್ನಡಕ ತೆಗೆದು ಸೆರಗಿನಿಂದ ಒರೆಸತೊಡಗಿದರು.

ಭವ್ಯಶ್ರೀಗೆ ಸಿಟ್ಟು ಬಂತು. ಬಸ್ಸಿನ ಮಕ್ಕಳೆಲ್ಲ ನಗುವುದು ಈಗಲೇ ಕೇಳಿಸಿದ ಹಾಗಾಯಿತು. "ಹೇಳದಿದ್ದರೆ ನಿನ್ನೆಯ ಸ್ಟಾರ್ ವಾಪಸ್," ಎಂದಳು.

ಅಜ್ಜಿ ಡಬ್ಬಿಯನ್ನು ತಾವಾಗಿಯೇ ಮುಂದೆ ಹಿಡಿದರು. ಭವ್ಯಶ್ರೀ ಉಗುರಿನಿಂದ ಸ್ಟಾರ್ ಎಬ್ಬಿಸಿ ತನ್ನ ಜಿಯೋಮೆಟ್ರಿ ಬಾಕ್ಸಿಗೆ ಅಂಟಿಸಿಕೊಂಡಳು.

ಅಷ್ಟರಲ್ಲಿ ಅಪ್ಪ ಯಜ್ಞೇಶ್ ಒದ್ದೆ ಬಟ್ಟೆ ಹಿಡಿದು ಕೆಳಗಿಳಿದು ಬಂದರು. ಮುಶೈರಿಬಿನ ಆಫೀಸಿಗೆ ಅವರಿಗೆ ಹೊತ್ತಾಗಿತ್ತು. ಗಾಜನ್ನು ಒಂದೇ ಸಲಕ್ಕೆ ಒರೆಸಿ, "ಖಲಾಸ್, ಸ್ಕೂಲ್ ಬಿಟ್ಟಿತು. ಯಲ್ಲಾ, ಹೊರಡು, ಅಲ್ಲಿ ನಿನ್ನ ಬಸ್ಸು," ಎಂದರು.

ಶುಕ್ರವಾರ ರಜೆ. ಅಪ್ಪ ಕಾಲಿಂಗ್ ಕಾರ್ಡು ಹಾಕಿ ಊರಿಗೆ ಫೋನ್ ಮಾಡುವ ದಿನ. ಅಜ್ಜಿ ಫೋನ್ ಹಿಡಿದು, "ಕೇಳ್ತದಾ? ಊಟ ಆಯ್ತಾ? ಕೆಂಪಿಗೆ ಹುಲ್ಲು ಹಾಕಿದಿರಾ?" ಎಂದರು. ಕೆಂಪಿ ಅಂದರೆ ದನ. ದನದ ಹೆಸರು ಎಷ್ಟು ಸಲೀಸಾಗಿ ಬಂತು ಎಂದು ಭವ್ಯಶ್ರೀ ನೋಡುತ್ತಿದ್ದಳು. ಅಜ್ಜನ ಹೆಸರು ಒಂದು ಸಲವೂ ಬರಲಿಲ್ಲ.

ಅಜ್ಜಿ ಒಲೆಯ ಮೇಲಿನ ಹಾಲು ನೋಡಲು ಒಳಗೆ ಹೋದಾಗ ಅವಳು ಫೋನ್ ತೆಗೆದುಕೊಂಡಳು. "ಅಜ್ಜ, ಅಜ್ಜಿ ನಿಮ್ಮ ಹೆಸರು ಹೇಳುವುದಿಲ್ಲ."

ಆ ಕಡೆ ಅಜ್ಜ ಕೆಮ್ಮು ಬರುವಷ್ಟು ನಕ್ಕರು. "ನಾನೇ ಅವಳ ಬಾಯಲ್ಲಿ ಈವರೆಗೆ ಕೇಳಲಿಲ್ಲ ಮಗಾ. ನಿನಗೆ ಎಲ್ಲಿಂದ ಹೇಳ್ತಾಳೆ?"

"ಯಾಕೆ?"

"ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆ ಆಗ್ತದೆ ಅಂತ ಅವಳಿಗೆ ಅವಳ ಅಜ್ಜಿ ಹೇಳಿದ್ದಂತೆ. ಹಾಗೇನಿಲ್ಲ, ಹೇಳು ಅಂತ ನಾನು ಹೇಳಿದೆ. ಕೇಳುವುದಿಲ್ಲ. ದೇವರಿಗೆ ಹೇಳಿಕೊಂಡ ಹರಕೆಯ ಹಾಗೆ ಕಾಪಾಡಿಕೊಂಡು ಬಂದಿದ್ದಾಳೆ."

ಭವ್ಯಶ್ರೀ ಯೋಚಿಸಿದಳು. "ಇಂಗ್ಲಿಷಲ್ಲಿ ಹೇಳಿದರೂ ಕಡಿಮೆ ಆಗ್ತದಾ?"

"ಆಯುಷ್ಯಕ್ಕೆ ಇಂಗ್ಲಿಷ್ ಬರ್ತದಾ ಇಲ್ವಾ, ಯಾರಿಗೆ ಗೊತ್ತು? ಬರುವುದಿಲ್ಲ ಅಂತ ನಂಬಿ ಕೂರಲಿಕ್ಕೆ ಅವಳು ತಯಾರಿಲ್ಲ."

"ಮತ್ತೆ ಯಾರಾದರೂ ಬಂದು ಕೇಳಿದರೆ?"

"ರೇಷನ್ ಕಾರ್ಡಿನವರು ಬರುವ ಕಾಲಕ್ಕೆ ನಿನ್ನ ಅಪ್ಪ ಇಷ್ಟೇ ಇಷ್ಟು ಇದ್ದ. ಅವನನ್ನು ಎಳೆದು ಮುಂದೆ ನಿಲ್ಲಿಸ್ತಿದ್ದಳು. ಚಡ್ಡಿ ಹಿಡ್ಕೊಂಡೇ ಅವನು ಹೇಳ್ತಿದ್ದ."

ಅಜ್ಜನ ಜೋರು ದನಿ ಸೋಫಾದಲ್ಲಿ ಕುಳಿತ ಅಪ್ಪನಿಗೂ ಕೇಳಿಸಿತು; ಅವರು ಪೇಪರನ್ನು ಮುಖಕ್ಕೆ ಅಡ್ಡ ಹಿಡಿದರು. ಪೇಪರ್ ಅಲುಗಾಡುತ್ತಿತ್ತು.

ಶನಿವಾರ ಬೆಳಿಗ್ಗೆ ಭವ್ಯಶ್ರೀ ಫಿಡೆಲಿಸ್ ಸರ್‌ಗೆ ಅಪ್ಪನಿಂದ ಫೋನ್ ಮಾಡಿಸಿ ಆ ಪ್ರಶ್ನೆ ಬೇಡ ಅಂತ ಹೇಳಿಸಲೇ ಎಂದು ಯೋಚಿಸಿದಳು. ಎಲ್ಲರಿಗೂ ಇರುವ ಪ್ರಶ್ನೆ ನಿಮ್ಮಜ್ಜಿಗೆ ಮಾತ್ರ ಯಾಕೆ ಬೇಡ ಎಂದರೆ? ಸಹನಾಗೆ ಗೊತ್ತಾದರೆ? ಸುಮ್ಮನಾದಳು.

ನೀರು ಕುಡಿಯಲು ಅಡುಗೆಮನೆಯ ಬಾಗಿಲಿಗೆ ಬಂದವಳು ಅಲ್ಲೇ ನಿಂತಳು. ಮೂಲೆಯ ಶೆಲ್ಫಿನಲ್ಲಿ ದೇವರ ಫೋಟೋ ಇತ್ತು. ದೀಪ ಉರಿಯುತ್ತಿತ್ತು. ಅಜ್ಜಿ ಅದರ ಮುಂದೆ ನಿಂತು ಪಿಸುಗುಟ್ಟುತ್ತಿದ್ದರು.

"ಮೈ ಹಸ್ಬೆಂಡ್ಸ್ ನೇಮ್ ಈಸ್..."

ನಿಂತರು. ಎರಡೂ ಕೆನ್ನೆ ಮುಟ್ಟಿಕೊಂಡು ತಪ್ಪಾಯಿತು ಎಂದರು. ಹೆಸರನ್ನು ಹೇಳಿಯೇ ಇರಲಿಲ್ಲ, ಹೇಳಬೇಕೆಂದುಕೊಂಡದ್ದಕ್ಕೇ ತಪ್ಪಾಯಿತು. ಮತ್ತೆ ಶುರುಮಾಡಿದರು.

"ಮೈ ಹಸ್ಬೆಂಡ್ಸ್ ನೇಮ್ ಈಸ್..."

ಮತ್ತೆ ಕೆನ್ನೆ ಮುಟ್ಟಿಕೊಂಡರು. "ಮಗುವಿನ ಮಾನದ ಪ್ರಶ್ನೆ ಸ್ವಾಮೀ. ನಾಳೆ ಒಂದು ಸಲ ಹೇಳ್ತೇನೆ. ಕೇಳಿಸದ ಹಾಗೆ ಮಾಡಿಕೋ. ಅವರನ್ನು ಚೆನ್ನಾಗಿಡು."

ಭವ್ಯಶ್ರೀ ನೀರು ಕುಡಿಯದೆ ಹಿಂದಿರುಗಿದಳು. ಜಿಯೋಮೆಟ್ರಿ ಬಾಕ್ಸಿನ ಸ್ಟಾರ್ ಕಣ್ಣಿಗೆ ಬಿತ್ತು. ಬಾಕ್ಸನ್ನು ಬೋರಲು ಹಾಕಿಟ್ಟಳು.

ಭಾನುವಾರ ಶಾಲೆಯ ಹಾಲ್ ತುಂಬಿತ್ತು. ವೆಂಕಟರಾಮು ತಾತ ಕೋಟು ಹಾಕಿಕೊಂಡು ಬಂದಿದ್ದರು. ನಿಮ್ಮ ಹೆಸರೇನು ಎಂದು ಕೇಳಿದ್ದಕ್ಕೆ ತಾವು ಕೆಲಸ ಮಾಡಿದ ಬ್ರ್ಯಾಂಚುಗಳ ಹೆಸರನ್ನೆಲ್ಲ ಹೇಳಿದರು. ಮೈಕ್ ಬಿಡಿಸಿಕೊಳ್ಳಲು ಫಿಡೆಲಿಸ್ ಸರ್ ಚಪ್ಪಾಳೆ ಶುರುಮಾಡಬೇಕಾಯಿತು.

ಆಮೇಲೆ ಪೂವಕ್ಕಜ್ಜಿ. ಅಂಚಿನ ಸೀರೆ, ಕೈಯಲ್ಲಿ ಕನ್ನಡಕದ ಡಬ್ಬಿ. ಪಕ್ಕದಲ್ಲಿ ಭವ್ಯಶ್ರೀ.

"ವಾಟ್ ಈಸ್ ಯುವರ್ ನೇಮ್?"

"ಮೈ ನೇಮ್ ಈಸ್ ಪೂವಕ್ಕ." ದನಿ ಹಾಲಿನ ಕೊನೆಯವರೆಗೆ ಹೋಯಿತು. ಬಯಲಿನಲ್ಲಿ ದನ ಕರೆದು ಅಭ್ಯಾಸವಿದ್ದ ದನಿ. ಊರಿನ ಹೆಸರೂ ತಪ್ಪಿಲ್ಲದೆ ಬಂತು. ಮೂರನೆಯ ಸಾಲಿನಲ್ಲಿ ಸಹನಾ ಹುಬ್ಬೇರಿಸಿದ್ದು ಭವ್ಯಶ್ರೀಗೆ ಕಂಡಿತು.

"ವಾಟ್ ಈಸ್ ಯುವರ್ ಹಸ್ಬೆಂಡ್ಸ್ ನೇಮ್?"

"ಮೈ ಹಸ್ಬೆಂಡ್ಸ್ ನೇಮ್ ಈಸ್..."

ಎಲ್ಲರೂ ಕಾದರು. ಹಿಂದೆ ಯಾರೋ ಕಿಸಕ್ಕೆಂದರು. ಅಜ್ಜಿ ಭವ್ಯಶ್ರೀಯ ಮುಖ ನೋಡಿದರು. ಆಮೇಲೆ ಕಣ್ಣು ಮುಚ್ಚಿದರು. ಡಬ್ಬಿ ಹಿಡಿದ ಬೆರಳುಗಳು ಬಿಗಿಯಾದವು, ತುಟಿಗಳು ತೆರೆದವು.

ಭವ್ಯಶ್ರೀ ಮೈಕನ್ನು ತನ್ನ ಕಡೆ ಎಳೆದುಕೊಂಡಳು.

"ಹರ್ ಹಸ್ಬೆಂಡ್ಸ್ ನೇಮ್ ಈಸ್ ದೂಮಪ್ಪ," ಎಂದಳು. "ಹಿ ಈಸ್ ಮೈ ಗ್ರಾಂಡ್‌ಫಾದರ್."

ಅಜ್ಜಿ ಕಣ್ಣು ತೆರೆದರು.

ಫಿಡೆಲಿಸ್ ಸರ್ ಒಂದು ಕ್ಷಣ ಅಜ್ಜಿಯನ್ನು, ಒಂದು ಕ್ಷಣ ಮೊಮ್ಮಗಳನ್ನು ನೋಡಿದರು. ಅವರೂ ಮಂಗಳೂರಿನ ಕಡೆಯವರೇ. "ವೆರಿ ಗುಡ್," ಎಂದರು. ಯಾರಿಗೆ ಎಂದು ಹೇಳಲಿಲ್ಲ. ಮುಂದಿನ ಸಾಲಿನಲ್ಲಿ ವೆಂಕಟರಾಮು ತಾತನ ಪಕ್ಕ ಕುಳಿತಿದ್ದ ಸಹನಾಳ ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕು, ತಲೆಯಾಡಿಸಿದರು. ಅವರಿಗೂ ಎಲ್ಲ ಗೊತ್ತಿದ್ದ ಹಾಗಿತ್ತು.

ಇಳಿಯಬೇಕಾಗಿದ್ದ ಅಜ್ಜಿ ಮೈಕಿನ ಹತ್ತಿರ ಮತ್ತೆ ಬಂದರು. ಯಾರೂ ಏನೂ ಕೇಳಿರಲಿಲ್ಲ. "ಹಿ ಈಸ್ ಗುಡ್ ಮ್ಯಾನ್. ಹಿ ಈಸ್ ವಿತ್ ಕೆಂಪಿ. ವಿ ಆರ್... ವಿ ಆರ್... ಆಲ್ ಗುಡ್." ಎಂದು ಕೈಮುಗಿದರು. ಹಾಲಿಗೆ ಹಾಲೇ ಚಪ್ಪಾಳೆ ಹೊಡೆಯಿತು.

ಹೊರಗೆ ಜ್ಯೂಸ್ ಕೊಡುವಲ್ಲಿ ಸಹನಾ ಬಂದಳು. "ಫ್ಲೂಯೆಂಟ್ ಅಂದಿದ್ಯಲ್ಲೇ. ಮಧ್ಯದಲ್ಲಿ ನೀನೇ ಹೇಳಿಬಿಟ್ಟೆ."

"ಸುಳ್ಳು ಹೇಳಿದ್ದೆ. ಅಜ್ಜಿ ಈಗಷ್ಟೇ ಕಲೀತಿದ್ದಾರೆ," ಎಂದಳು ಭವ್ಯಶ್ರೀ. ಹೇಳಿದ ಮೇಲೆ ಏನೂ ಆಗಲಿಲ್ಲ. ಸಹನಾ ಸ್ಟ್ರಾ ಕಚ್ಚುತ್ತ, "ಕೆಂಪಿ ಅಂದ್ರೆ ಯಾರೇ? ನಿಮ್ಮ ಅತ್ತೆನಾ?" ಎಂದು ಕೇಳಿದಳು. ಭವ್ಯಶ್ರೀಗೆ ಜ್ಯೂಸ್ ನೆತ್ತಿಗೇರುವಷ್ಟು ನಗು ಬಂತು.

ಮನೆಗೆ ಹೋಗುವಾಗ ಕಾರಿನ ಗಾಜು ಸ್ವಚ್ಛವಾಗಿತ್ತು. ಆಕಾಶವೂ ತೊಳೆದ ಹಾಗಿತ್ತು. ಹಿಂದಿನ ಸೀಟಿನಲ್ಲಿ ಅಜ್ಜಿ ಖರ್ಜೂರದ ಮರಗಳನ್ನು ನೋಡುತ್ತ ಕುಳಿತಿದ್ದರು. ಅವರ ತುಟಿ ಮೆಲ್ಲಗೆ ಅಲುಗುತ್ತಿತ್ತು. ದೇವರ ನಾಮವೋ, ಇಂಗ್ಲಿಷೋ.

ಭವ್ಯಶ್ರೀ ಬ್ಯಾಗಿನಿಂದ ಜಿಯೋಮೆಟ್ರಿ ಬಾಕ್ಸ್ ತೆಗೆದಳು. ಸ್ಟಾರನ್ನು ತುದಿ ಹರಿಯದ ಹಾಗೆ ಎಬ್ಬಿಸಿದಳು. ಅಜ್ಜಿಯ ಮಡಿಲಲ್ಲಿದ್ದ ಡಬ್ಬಿಯ ಮೇಲೆ, ಮೊದಲು ಇದ್ದ ಜಾಗದಲ್ಲೇ ಅದನ್ನು ಇಟ್ಟಳು. ಅಂಟು ಒಣಗಿತ್ತು. ಹೆಬ್ಬೆರಳಿನಿಂದ ಒತ್ತಿ ಹಿಡಿದಳು.

ಅಜ್ಜಿ ಕೆಳಗೆ ನೋಡಿದರು. ತಮ್ಮ ಬೆರಳನ್ನು ಅವಳ ಬೆರಳಿನ ಮೇಲಿಟ್ಟು, ಅವರೂ ಒತ್ತಿ ಹಿಡಿದರು.