ಅರವತ್ತು ವೀರರು, ಒಬ್ಬ ಬಡಗಿ

ಅವರಿಬ್ಬರ ನಡುವಿನ ಮೊದಲ ಮಾತೇ ಜಗಳದ್ದು.

"ಇದೇನ್ರೀ, ವೀರರನ್ನೆಲ್ಲ ತಂದು ಬಾಗಿಲಲ್ಲೇ ನಿಲ್ಲಿಸಿದ್ದೀರಿ? ಮೊದಲು ಜಗತ್ತು ಹುಟ್ಟಬೇಕು, ಆಮೇಲೆ ವೀರರು."

ಬಡಗಿ ಕಿವಿಯ ಸಂದಿಯಿಂದ ಪೆನ್ಸಿಲ್ ತೆಗೆದು ಮ್ಯೂಸಿಯಮ್ಮಿನ ಗೋಡೆಗೆ ಅಂಟಿಸಿದ್ದ ಪ್ರದರ್ಶನದ ನಕ್ಷೆಯ ಮೇಲೆ ಊರಿದ. "ನೀವು ಕೊಟ್ಟಿರೋದೇ ಹೀಗೆ, ಮೇಡಂ. ನಿಮ್ಮ ನಕ್ಷೆಯಲ್ಲಿ ಬಾಗಿಲು ಆ ಕಡೆ ಇದೆ. ಹಾಲ್‌ನಲ್ಲಿ ಈ ಕಡೆ."

ನಕ್ಷೆ ಬರೆದವಳು ಅವಳೇ. ತಪ್ಪೂ ಅವಳದ್ದೇ. ಅದನ್ನು ಬಾಯಿಬಿಟ್ಟು ಹೇಳಲು ಸಂಜೆಯಾಯಿತು. ಅಷ್ಟು ಹೊತ್ತಿಗೆ ಅವನು ಮರದ ಗೋಡೆಗಳಲ್ಲಿ ಅರ್ಧದಷ್ಟನ್ನು ಬಿಚ್ಚಿ ತಿರುಗಿಸಿ ನಿಲ್ಲಿಸಿ ಆಗಿತ್ತು.

"ಸಾರಿ," ಎಂದಳು.

"ಪರವಾಗಿಲ್ಲ. ಜಗತ್ತು ಒಂದು ದಿನ ಲೇಟಾಗಿ ಹುಟ್ಟುತ್ತೆ, ಅಷ್ಟೇ."

ಆ ಮ್ಯೂಸಿಯಮ್ಮಿನಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ಪಟ್ಟಿ ಮೇಡಂ ಎಂದು. ಬೇರೆ ಬೇರೆ ಜನಾಂಗಗಳ ಸೃಷ್ಟಿಕಥೆಗಳನ್ನೂ ವೀರಕಾವ್ಯಗಳನ್ನೂ ಹನ್ನೊಂದು ವರ್ಷ ಓದಿ, ಒಂದರ ಪಕ್ಕ ಒಂದಿಟ್ಟು ನೋಡಿದ್ದಳು. ಅದರ ಫಲವೇ ಈ ಪ್ರದರ್ಶನ. ಮೊದಲ ಕೋಣೆಯಲ್ಲಿ ಸೃಷ್ಟಿ. ಎರಡನೆಯದರಲ್ಲಿ ಅರವತ್ತು ವೀರರು, ಗೋಡೆಯಗಲದ ಒಂದು ಪಟ್ಟಿ, ಅದರಲ್ಲಿ ಒಂಬತ್ತು ಕಾಲಂ: ವಿಚಿತ್ರ ಹುಟ್ಟು, ತೊರೆದ ತಾಯಿ, ಸಾಕಿದ ಮನೆ, ಕುಲ ತಿಳಿದ ದಿನ, ಪಯಣ, ಕಾಳಗ, ಸತ್ತವರ ನಾಡು, ಕಳೆದುಕೊಂಡದ್ದು, ಮರಳಿದ್ದು. ಭಾಷೆ ಬೇರೆ, ಕಡಲು ಬೇರೆ, ಕಥೆ ಒಂದೇ ಎಂಬುದು ಅವಳ ನಂಬಿಕೆ.

ಬದುಕನ್ನೂ ಅವಳು ಹಾಗೇ ದೂರ ನಿಂತು ನೋಡುತ್ತಿದ್ದಳು. ಮದುವೆಯಾದ ಆರನೇ ವರ್ಷ ಗಂಡ ಬೇರೆಯಾದಾಗ ಅತ್ತಿರಲಿಲ್ಲ. ಇಂಥದ್ದು ಎಷ್ಟೋ ಮನೆಗಳಲ್ಲಿ ನಡೆಯುತ್ತದೆ ಎಂದುಕೊಂಡು ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬಿದ್ದಳು.

ಬಡಗಿ ಓದುತ್ತಿದ್ದ. ಗಾಜು ಕೂರಿಸುವ ಮೊದಲು ಪ್ರತಿ ಫಲಕವನ್ನೂ ತುಟಿ ಅಲುಗಿಸುತ್ತ ಕೊನೆಯವರೆಗೆ ಓದುತ್ತಿದ್ದ.

"ಈ ಜನ ಜಗತ್ತು ಮೊಟ್ಟೆಯಿಂದ ಬಂತು ಅಂತಾರೆ. ಹಾಗಾದ್ರೆ ಕೋಳಿ ಮೊದಲೋ ಮೊಟ್ಟೆ ಮೊದಲೋ ಅನ್ನೋ ಜಗಳ ಅಲ್ಲಿ ಇಲ್ವಾ?"

"ಇಲ್ಲ. ಅಲ್ಲಿ ಕೋಳಿಯೇ ಇಲ್ಲ."

"ಪುಣ್ಯವಂತರು."

ಅವಳಿಗೆ ನಗು ಬಂತು. ಅದನ್ನು ಮರೆಮಾಡಲು ಇನ್ನೊಂದು ಫಲಕದ ಕಡೆ ತಿರುಗಿದಳು. ಹಿಂದೆ ನಿಂತ ಅವನು ಅವಳನ್ನೇ ನೋಡುತ್ತಿದ್ದದ್ದು ಗಾಜಿನಲ್ಲಿ ಕಂಡಿತು. ಅವಳು ಅದನ್ನು ಕಂಡದ್ದು ಅವನಿಗೂ ಗೊತ್ತಾಯಿತು. ಇಬ್ಬರೂ ಗಾಜು ಸರಿಯಾಗಿ ಕೂತಿದೆಯೇ ಎಂದು ಪರೀಕ್ಷಿಸುವವರಂತೆ ನಿಂತರು.

ಮೂರನೇ ಕಾಲಂನ ಫಲಕ ಕೂರಿಸುವ ದಿನ ಅವನು ಗಾಜನ್ನು ಗೋಡೆಗೆ ಒರಗಿಸಿಟ್ಟ.

"ಹೆತ್ತವರು ಬಿಟ್ಟ ಮಗು, ಸಾಕಿದವರು ಬಡವರು, ಮುಂದೆ ರಾಜ," ಎಂದು ಓದಿದ. "ನನ್ನನ್ನ ಸಾಕಿದವರೂ ಬಡವರೇ, ಮೇಡಂ. ರಾಜ ಆಗಲಿಲ್ಲ, ಬಡಗಿ ಆದೆ. ಅದಿರಲಿ. ಇವನಿಗೆ ತನ್ನ ಕುಲ ಗೊತ್ತಾದ ಮೇಲೆ ಸಾಕಿದ ತಾಯಿ ಏನಾಗ್ತಾಳೆ?"

ಅವಳು ಟಿಪ್ಪಣಿ ಪುಸ್ತಕ ತೆಗೆದು ಆ ಪ್ರಶ್ನೆಯನ್ನು ಬರೆದುಕೊಂಡಳು.

ಎರಡು ದಿನ ಕೂತು ಹುಡುಕಿದಳು. ಅರವತ್ತರಲ್ಲಿ ನಲವತ್ತೊಂದು ವೀರರು ಬೇರೆಯವರ ಮನೆಯಲ್ಲಿ ಬೆಳೆದವರು. ಮಗನಿಗೆ ಕುಲ ತಿಳಿದ ಮೇಲೂ ಸಾಕುತಾಯಿಯ ಸುದ್ದಿ ಬರುವುದು ಮೂರೇ ಕಥೆಗಳಲ್ಲಿ. ಉಳಿದವರೆಲ್ಲ ಒಲೆಯ ಮುಂದೆ ಕೂತಲ್ಲೇ ಮಾಯವಾಗಿದ್ದರು. ಹನ್ನೊಂದು ವರ್ಷ ಅವಳೂ ಅದನ್ನು ಗಮನಿಸಿರಲಿಲ್ಲ.

ಸಾಕುತಾಯಿ ಮುಂದೇನಾದಳು ಎಂಬ ಹತ್ತನೇ ಕಾಲಂ ಬೇಕೆಂದಾಗ ಮ್ಯೂಸಿಯಮ್ಮಿನ ನಿರ್ದೇಶಕರು ಮೂಗು ಮುರಿದರು. "ಮೂರೇ ಹೆಸರಿರೋ ಕಾಲಂ ನೋಡೋಕೆ ಚೆನ್ನಾಗಿರುತ್ತಾ?"

"ಖಾಲಿ ಇರೋದನ್ನೇ ಜನ ನೋಡಬೇಕು, ಸರ್."

ಬಡಗಿ ಚೌಕಟ್ಟನ್ನು ಒಂದು ಗೇಣು ಅಗಲಿಸಿಕೊಟ್ಟ. ಮರುದಿನ, ಉಳಿಯನ್ನು ಒರೆಸುತ್ತ, ಅವಳ ಮುಖ ನೋಡದೆ ಹೇಳಿದ: "ಅಮ್ಮ ನಿಮ್ಮನ್ನ ನೋಡಬೇಕಂತೆ."

ಅವನ ಅಮ್ಮ ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿ ಮೂವತ್ತು ವರ್ಷ ದುಡಿದವಳು. ಈಗ ಮಂಡಿ ಕೈಕೊಟ್ಟಿತ್ತು, ಬಾಯಿ ಮಾತ್ರ ಗಟ್ಟಿ. "ನಿಮ್ಮ ಕಥೆಗಳಲ್ಲಿ ಮಗು ಬುಟ್ಟೀಲಿ ತೇಲಿಕೊಂಡು ಬರುತ್ತಂತಲ್ಲ? ಇವನು ಆಸ್ಪತ್ರೆ ಬೆಂಚಿನ ಮೇಲೆ ಸಿಕ್ಕಿದ. ಎತ್ತಿಕೊಂಡೆ, ಮೈಯೆಲ್ಲ ಒದ್ದೆ ಮಾಡಿದ. ಮಹಾವೀರ ಅಂತ ಆಗಲೇ ಗೊತ್ತಾಯ್ತು."

"ಅಮ್ಮಾ," ಎಂದ ಅವನು. ನಲವತ್ತು ದಾಟಿದವನ ಕಿವಿ ಕೆಂಪಾದದ್ದನ್ನು ಅವಳು ಟೀ ಲೋಟದ ಮೇಲಿಂದ ನೋಡಿದಳು. ನೋಡಿದ್ದು ಒಂದು ಗಳಿಗೆ ಹೆಚ್ಚೇ ಆಯಿತು.

ಉದ್ಘಾಟನೆಗೆ ಒಂದು ವಾರವಿರುವಾಗ ಅವನಿಗೆ ಕಾಗದ ಬಂತು. ಒಡಹುಟ್ಟಿದ ಅಣ್ಣನೊಬ್ಬ ವರ್ಷಗಟ್ಟಲೆ ಹುಡುಕಿ ವಿಳಾಸ ಪತ್ತೆ ಮಾಡಿದ್ದ. ಹೆತ್ತ ತಾಯಿ ತೀರಿಕೊಂಡಿದ್ದಳು. ದೂರದ ಪಟ್ಟಣದಲ್ಲಿ ಅಣ್ಣನಿಗೆ ಪೀಠೋಪಕರಣಗಳ ಅಂಗಡಿ ಇತ್ತು. ಬಾ, ಜೊತೆಗಿರೋಣ ಎಂದು ಬರೆದಿದ್ದ.

ಮಧ್ಯಾಹ್ನ ಮ್ಯೂಸಿಯಮ್ಮಿನ ಹಿಂದಿನ ಮೆಟ್ಟಿಲ ಮೇಲೆ ಕೂತು ಆ ಕಾಗದವನ್ನು ಅವಳ ಕೈಗೆ ಕೊಟ್ಟ.

"ನಿಮ್ಮ ಪಟ್ಟಿ ಏನು ಹೇಳುತ್ತೆ?"

"ಹೋಗ್ತಾರೆ. ನಲವತ್ತೊಂದಕ್ಕೆ ನಲವತ್ತೊಂದೂ."

"ಪಟ್ಟಿ ಮಾತು ಆಯ್ತು. ನೀವೇನು ಹೇಳ್ತೀರಿ?"

ಅವನ ರೆಪ್ಪೆಗೆ ಮರದ ಪುಡಿ ಅಂಟಿತ್ತು. ಒರೆಸಬೇಕೆನಿಸಿತು. ಅವಳು ಕಾಗದವನ್ನು ಮೊದಲಿದ್ದ ಮಡಿಕೆಯಲ್ಲೇ ಮಡಿಸಿದಳು. "ಹೋಗಿ. ರಕ್ತಸಂಬಂಧ ಅಲ್ವಾ," ಎಂದಳು, ಫಲಕದ ಸಾಲು ಓದುವ ದನಿಯಲ್ಲಿ.

ಅವನು ತಲೆಯಾಡಿಸಿದ. ಉಳಿದ ಕೆಲಸವನ್ನು ನಾಲ್ಕು ದಿನದಲ್ಲಿ ಮುಗಿಸಿ ಬಸ್ಸು ಹತ್ತಿದ.

ಉದ್ಘಾಟನೆ ಚೆನ್ನಾಗಿಯೇ ಆಯಿತು. ಜನ ಹತ್ತನೇ ಕಾಲಂ ಮುಂದೆ ನಿಂತು, ಹಿಂದಕ್ಕೆ ಹೋಗಿ ಮತ್ತೆ ಓದುತ್ತಿದ್ದರು. ನಿರ್ದೇಶಕರು ಅದು ತಮ್ಮದೇ ಯೋಚನೆ ಎಂದು ಇಬ್ಬರಿಗೆ ಹೇಳಿದರು. ಅವಳಿಗೆ ಕೋಪವೂ ಬರಲಿಲ್ಲ, ಖುಷಿಯೂ ಆಗಲಿಲ್ಲ. ಮೂರನೇ ದಿನ ಸಂಜೆ ಕೆಲಸ ಮುಗಿಸಿ ಹೊರಟವಳು, ಮನೆಯ ದಾರಿ ಬಿಟ್ಟು ಅವನ ಅಮ್ಮನ ಮನೆಯ ದಾರಿ ಹಿಡಿದಿದ್ದಳು.

ಅಂದಿನಿಂದ ದಿನವೂ ಹೋದಳು. ಮಾತ್ರೆ ಎಣಿಸಿ ಡಬ್ಬಿಗೆ ಹಾಕುವುದು, ಪೇಪರ್ ಓದಿ ಹೇಳುವುದು, ಮಂಡಿಗೆ ಎಣ್ಣೆ ಹಚ್ಚುವುದು. ಯಾಕೆ ಬರುತ್ತೀ ಎಂದು ಮುದುಕಿ ಕೇಳಲಿಲ್ಲ. ಒಂದು ಸಂಜೆ ಮಾತ್ರ ಹೇಳಿದಳು:

"ನಾನೂ ಅವನನ್ನ ಕಳಿಸಿದೆ, ನೀನೂ ಕಳಿಸಿದೆ. ಆದ್ರೆ ನಾನು 'ಹೋಗಿ ಬಾ' ಅಂದೆ ಕಣಮ್ಮ. ನೀನು ಬರೀ 'ಹೋಗಿ' ಅಂದೆಯಂತೆ. ಬಸ್ಸು ಹತ್ತೋವರೆಗೂ ಅದನ್ನೇ ಹೇಳ್ತಿದ್ದ."

ಅವಳು ಎಣ್ಣೆಯ ಬಟ್ಟಲು ಕೆಳಗಿಟ್ಟಳು. ಮದುವೆ ಮುರಿದಾಗ ಬಾರದ ಅಳು, ಯಾರದೋ ಮನೆಯ ನೆಲದ ಮೇಲೆ ಕೂತಿದ್ದಾಗ ಬಂತು. ಮುದುಕಿ ತಲೆ ಸವರಲಿಲ್ಲ, ಸಮಾಧಾನ ಹೇಳಲಿಲ್ಲ. "ಇನ್ನೊಂದು ಮಂಡಿ ಬಾಕಿ ಇದೆ," ಎಂದಳು.

ಹನ್ನೆರಡನೇ ದಿನ ಭಾನುವಾರ. ಬೆಳಿಗ್ಗೆ ಅವಳು ಅಂಗಳದ ತಂತಿಗೆ ಚಾದರ ಒಣಹಾಕುತ್ತಿದ್ದಾಗ ಗೇಟಿನ ಸದ್ದಾಯಿತು. ಅವನು ಚೀಲ ಹೊತ್ತುಕೊಂಡು ನಿಂತಿದ್ದ. ಇವಳನ್ನು ಇಲ್ಲಿ ನೋಡಿ, ಗೇಟು ಹಾಕುವುದನ್ನೇ ಮರೆತ.

"ಅಣ್ಣ ಹೇಗಿದ್ದಾರೆ?" ಎಂದಳು.

"ಒಳ್ಳೇವನು. ನನ್ನ ಹಾಗೇ ಮೂಗು ಉಜ್ಜಿಕೊಳ್ತಾನೆ. ಅತ್ತಿಗೆ ಅಂತೂ ಬಿಡಲೇ ಒಲ್ಲೆ ಅಂದ್ರು."

"ಮತ್ತೆ?"

"ಮತ್ತೇನು? ನೋಡಬೇಕಿತ್ತು, ನೋಡಿದೆ. ಅಲ್ಲೇ ಇರ್ತೀನಿ ಅಂತ ನಾನು ಯಾವಾಗ ಅಂದೆ? ನೀವೇ ಅಂದುಕೊಂಡಿದ್ದು."

ಚಾದರ ಗಾಳಿಗೆ ಇಬ್ಬರ ನಡುವೆ ಏರಿ ಇಳಿಯುತ್ತಿತ್ತು. ಅವಳು ಅದನ್ನು ಪಕ್ಕಕ್ಕೆ ಸರಿಸಿ ಹಿಡಿದಳು.

"ಅವತ್ತು ನೀವು ಕೇಳಿದ್ದಕ್ಕೆ ನಾನು ಸುಳ್ಳು ಹೇಳಿದೆ. ಹೋಗಬೇಡಿ ಅನ್ನೋದಿತ್ತು. ಹಾಗೆ ಅನ್ನೋಕೆ ನಾನು ಯಾರು ಅನ್ನಿಸಿತು. ಈಗ ಯಾರಾದ್ರೂ ಆಗಬೇಕು ಅನ್ನಿಸ್ತಿದೆ. ನನಗೆ ನೀವು ಬೇಕು." ದನಿ ಎಂದಿನಂತೆ ಸಮವಾಗಿತ್ತು. ಒಣಹಾಕಿದ ಚಾದರವನ್ನು ಮಾತ್ರ ಕೈಯಲ್ಲಿ ಮುದ್ದೆ ಮಾಡಿದ್ದಳು.

ಅವನು ಚೀಲ ಇಳಿಸಿದ. "ಇನ್ನೊಂದ್ಸಲ ಹೇಳ್ತೀರಾ?"

"ಆಗಲ್ಲ."

"ನನಗೆ ಸರಿಯಾಗಿ ಕೇಳಿಸ್ತು," ಎಂದಿತು ಕಿಟಕಿಯೊಳಗಿನ ದನಿ. "ಬೇಕಿದ್ರೆ ನಾನು ಹೇಳ್ತೀನಿ."

ಅವನು ನಕ್ಕ. ಗಟ್ಟಿಯಾಗಿ ಅಲ್ಲ, ಬಹಳ ದಿನ ಹೊತ್ತ ಭಾರ ಇಳಿಸಿದವನ ಹಾಗೆ. ಪ್ರಯಾಣದ ಧೂಳು ಮೆತ್ತಿದ ಅವನ ಮುಖವನ್ನು ಅವಳು ಈ ಬಾರಿ ಕಣ್ಣು ತಪ್ಪಿಸದೆ ನೋಡಿದಳು. ಕೈ ಚಾಚಿ, ಹಣೆಯ ಮೇಲಿನ ಕೂದಲನ್ನು ಹಿಂದೆ ಸರಿಸಿದಳು.

"ಸುಸ್ತಾಗಿದ್ದೀಯ," ಎಂದಳು. "ಬಾ, ಒಳಗೆ ಕೂತ್ಕೋ."

ಮೊದಲ ಸಲ ಬಂದ ಏಕವಚನ. ಅವನು ತಕ್ಷಣ ಒಳಗೆ ಹೋಗಲಿಲ್ಲ. ಅದು ಕಿವಿಯಲ್ಲಿ ಇನ್ನೂ ಸ್ವಲ್ಪ ಹೊತ್ತು ಇರಲೆಂದು ಅಲ್ಲೇ ನಿಂತ.