ಉಗಿದ ಗುಟುಕು

"ನಮ್ಮಕ್ಕನ ಮಡಕೇದು ಬಾಯಿಗೆ ಬಿಟ್ಕಂಡ್ರೆ ನುಂಗ್ಬುಡಿ ಸಾ. ಉಗೀಬ್ಯಾಡಿ. ಆಗಕಿಲ್ಲ ಅಂದ್ರೆ ಮುಟ್ಲೇಬ್ಯಾಡಿ."

ಹರಿಗೋಲು ಹತ್ತುವ ಮುಂಚೆ ಪುಟ್ಟಸ್ವಾಮಿಯ ಹೆಂಡತಿ ಲಕ್ಕಮ್ಮ ದನಿ ತಗ್ಗಿಸಿ ಹೇಳಿದಳು. ದೇವರಾಜು ಅವಳ ಮುಖ ಕೂಡ ನೋಡಲಿಲ್ಲ. ಬೂಟಿಗೆ ಮೆತ್ತಿದ ಹೇಮಾವತಿ ಹೊಳೆಯ ಕೆಸರನ್ನು ಹುಲ್ಲಿಗೆ ಒರೆಸುತ್ತ, "ಉಗಿಯೋದೇ ನನ್ನ ಕೆಲಸ ಕಣಮ್ಮ. ಸಿಕ್ಕಿದ್ದನ್ನೆಲ್ಲ ನುಂಗೋದು ಎಮ್ಮೆ" ಎಂದ.

ಬೆಂಗಳೂರಿನ ದೊಡ್ಡ ಹೋಟೆಲೊಂದರಲ್ಲಿ ಪರದೇಶದ ವೈನುಗಳನ್ನು ನುಂಗದೆ ಬಾಯಲ್ಲಾಡಿಸಿ ಉಗಿದು, ರುಚಿ ನೋಡಿ ಆರಿಸುವುದು ಅವನ ಉದ್ಯೋಗ. ಫ್ರಾನ್ಸಿಗೆ ಹೋಗಿ ಕಲಿತು ಬಂದವನು. ಬಂದ ಮೇಲೆ ಈ ನಾಡಿನದೆಲ್ಲ ಅವನಿಗೆ ಹೇಸಿಗೆ. ಹಳ್ಳಿಮೈಸೂರಿನ ಕಡೆಯ ಜಮೀನುದಾರ ಪುಟ್ಟಸ್ವಾಮಿ ಹೊಳೆಯ ನಡುಗಡ್ಡೆಯಲ್ಲಿ ಬಂಗಲೆ ಕಟ್ಟಿಸಿ, ಪ್ರತಿ ಬೇಸಿಗೆಯಲ್ಲೂ ಹಾಸನ, ಅರಕಲಗೂಡಿನ ಗೆಳೆಯರನ್ನು ಸೇರಿಸಿ ವೈನ್ ಹಬ್ಬ ನಡೆಸುತ್ತಿದ್ದ. ಸಾವಿರದ ಒಂಬೈನೂರ ಅರವತ್ತೆರಡರ ಹಬ್ಬಕ್ಕೆ ದೇವರಾಜುವೇ ತೀರ್ಪುಗಾರ. ಅವನು ಒಪ್ಪಿ ಬಂದದ್ದು ನಗುವುದಕ್ಕೆ.

ಮನಸಾರೆ ನಕ್ಕ. ಬಿಳಿ ಬಟ್ಟೆ ಹಾಸಿದ ಮೇಜಿನ ಮೇಲೆ ಒಬ್ಬೊಬ್ಬರೂ ಮನೆಯಲ್ಲಿ ಮಾಡಿದ ವೈನಿನ ಸೀಸೆ ಇಟ್ಟಿದ್ದರು. ಅರಕಲಗೂಡಿನ ಸಾಹುಕಾರರ ಶುಂಠಿ ವೈನನ್ನು ಬಾಯಲ್ಲಿ ಮುಕ್ಕಳಿಸಿ ಉಗಿದು, "ಕೆಮ್ಮಿಗೆ ಒಳ್ಳೇದು" ಎಂದ. ಹಾಸನದ ವಕೀಲರ ದ್ರಾಕ್ಷಿಯದನ್ನು ಉಗಿದು, "ಸೀಗೆಕಾಯಿ ನೆನೆಹಾಕಿದ್ರಾ?" ಎಂದು ಕೇಳಿದ. ಪಕ್ಕದವನ ಮಾನ ಹೋದಾಗ ಎಲ್ಲರೂ ನಕ್ಕರು. ತಮ್ಮ ಸರದಿ ಬಂದಾಗ ಮುಖ ತಗ್ಗಿಸಿದರು. ಇವರ ನಗುವೂ ಅವನಿಗೆ ಅಗ್ಗವೆನಿಸಿತು.

ಬಿಸಿಲು ಇಳಿಯುತ್ತಿತ್ತು. ಪುಟ್ಟಸ್ವಾಮಿ ಎಲ್ಲರನ್ನೂ ಬಂಗಲೆಯ ಹಿಂದಿನ ನೇರಳೆ ಮರದ ಬಳಿಗೆ ಕರೆದೊಯ್ದ. ಅಲ್ಲಿ ಅವನ ಅಣ್ಣ ತಿಮ್ಮಪ್ಪನ ಸಮಾಧಿಯಿತ್ತು. ಗಡ್ಡೆ ತಿಮ್ಮಪ್ಪನದಾಗಿತ್ತು. ಅವನು ಹೊಳೆಯಲ್ಲಿ ಮುಳುಗಿ ಸತ್ತ ಮೇಲೆ ತಮ್ಮ ಅದನ್ನು ನುಂಗಿದ. ಲಕ್ಕಮ್ಮ ಅಕ್ಕನೆಂದು ಕರೆಯುವ ವಿಧವೆ ನೀಲಗಂಗಮ್ಮನಿಗೆ ಉಳಿದದ್ದು ಆ ಮರದ ಹಣ್ಣು ಮಾತ್ರ. ಅವಳು ಹಣ್ಣನ್ನು ಹಿಂಡಿ ಮಡಕೆಗೆ ತುಂಬಿ, ಗಂಡನ ತಲೆದೆಸೆಯಲ್ಲಿ ಹೂಳುತ್ತಿದ್ದಳು. ಏನು ಮಂತ್ರಿಸಿ ಹೂಳುತ್ತಾಳೆಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಹಬ್ಬದ ದಿನ ಅಗೆದು ತೆಗೆಯುತ್ತಿದ್ದಳು. ಬಂದವರು ಕಣ್ಣು ಮುಚ್ಚಿ ಒಂದು ಗುಟುಕು ನುಂಗಿ ಹೋಗುತ್ತಿದ್ದರು.

ಅವಳು ಮಡಕೆಯ ಬಾಯಿಗೆ ಸುತ್ತಿದ್ದ ಕರಿದಾರ ಬಿಚ್ಚಿದಳು. ಹಸಿಮಣ್ಣು, ಕೊಳೆತ ಹೂವು, ಸುಟ್ಟ ಕೂದಲಿನ ವಾಸನೆ ಒಟ್ಟಿಗೆ ಎದ್ದಿತು. ಪುಟ್ಟಸ್ವಾಮಿ ಕಣ್ಣು ಮುಚ್ಚಿ ಒಂದು ಗುಟುಕು ನುಂಗಿ ಹಿಂದೆ ಸರಿದ.

"ಹೆಣ ತೊಳೆದ ನೀರು" ಎಂದು ದೇವರಾಜು ಗ್ಲಾಸನ್ನು ತುಟಿಗಿಟ್ಟ.

ನಾಲಿಗೆ ನಿಂತುಬಿಟ್ಟಿತು. ಇಂಥ ರುಚಿಯನ್ನು ಅವನು ಫ್ರಾನ್ಸಿನ ಯಾವ ನೆಲಮಾಳಿಗೆಯಲ್ಲೂ ಕಂಡಿರಲಿಲ್ಲ. ಒಗರು, ಸಿಹಿ, ನುಂಗುವ ಮೊದಲೇ ಎದೆಗೆ ತಾಗುವ ತಂಪು. ಮಣ್ಣಿನ ಮಡಕೆಯಲ್ಲಿ, ಈ ಹರಕು ಸೀರೆಯವಳ ಕೈಯಲ್ಲಿ. ಅದನ್ನು ಒಪ್ಪಿಕೊಳ್ಳುವುದು ಅವನಿಂದಾಗದು. ಎಲ್ಲರೂ ನೋಡುತ್ತಿರುವಂತೆ ಸಮಾಧಿಯ ಮೇಲೆ ಥೂ ಎಂದು ಉಗಿದ.

ನೀಲಗಂಗಮ್ಮ ಸಿಟ್ಟಾಗಲಿಲ್ಲ. "ಉಗುದ್ಬುಟ್ರಾ" ಎಂದಳು, ಅಷ್ಟೇ.

ಮರದಲ್ಲಿ ಹಕ್ಕಿಗಳ ಸದ್ದು ಅಡಗಿತು. ಗಡ್ಡೆಯ ಮೇಲೆ ಕತ್ತಲು ಒಮ್ಮೆಗೇ ಕವಿಯಿತು. ಅವನ ಬಾಯಿ ತುಂಬಿತು. ಉಗಿದ. ಮತ್ತೆ ತುಂಬಿತು. ಕಪ್ಪು ನೀರು. ತಣ್ಣಗಿನ ಹೊಳೆ ನೀರು. ಉಗಿದ. ಮರಳು ಬಂತು. ಹಲ್ಲಿಗೆ ಏನೋ ತೊಡರಿತು. ಎಳೆದ. ಕೂದಲು. ಉದ್ದ, ಒದ್ದೆ, ಗಂಡಸಿನ ನೆರೆಗೂದಲು. ಎಳೆದಷ್ಟೂ ಬಂತು. ಉಸಿರಿಗೆ ಜಾಗವಿಲ್ಲ. ಒಣ ನೆಲದ ಮೇಲೆ ನಿಂತು ಅವನು ಮುಳುಗುತ್ತಿದ್ದ. ವಕೀಲರ ಅಂಗಿ ಹಿಡಿದ. ವಕೀಲರು ಕೊಡವಿಕೊಂಡು ಬೆನ್ನು ತಿರುಗಿಸಿದರು.

"ಅತ್ತಿಗೆ, ಬುಟ್ಬುಡಿ ಅವ್ರನ್ನ" ಎಂದ ಪುಟ್ಟಸ್ವಾಮಿ.

"ಇಡ್ಕಂಡಿರೋಳು ನಾನಲ್ಲ ಕಣಪ್ಪ. ಉಗುದಿದ್ದ ತಿರ್ಗಾ ತಗಂಡ್ರೆ ನಿಮ್ಮಣ್ಣ ಬುಡ್ತಾನೆ."

ದೇವರಾಜು ಮೊಣಕಾಲೂರಿದ. ಮಣ್ಣಿಗೆ ಬಾಯಿ ಹಚ್ಚಿದ. ನೆಕ್ಕಿದ. ಇರುವೆ, ಕೊಳೆತ ಎಲೆ, ಎಂಜಲು ಎಲ್ಲವನ್ನೂ ನುಂಗಿದ. ಯಾರೋ ಕಿಸಕ್ಕನೆ ನಕ್ಕರು. ಉಸಿರು ಬಂತು.

ಬದುಕಿದೆ ಅಂದುಕೊಂಡ. ದಡಕ್ಕೆ ಬಂದಾಗ ಲಕ್ಕಮ್ಮ ಮಜ್ಜಿಗೆ ಕೊಟ್ಟಳು. ಬಾಯಿಗೆ ಹೋದದ್ದು ಅವಳ ಮುಖಕ್ಕೇ ರಾಚಿತು. ಬೆಂಗಳೂರಿನ ಡಾಕ್ಟರು ಕೊಟ್ಟ ಗಂಜಿಯೂ ಹಾಗೇ. ತಟ್ಟೆಯಿಂದ, ಲೋಟದಿಂದ, ಮನುಷ್ಯರ ಕೈಯಿಂದ ಬಂದದ್ದೊಂದೂ ಒಳಗೆ ನಿಲ್ಲಲಿಲ್ಲ. ಕೆಲಸ ಹೋಯಿತು. ಮೈಯಲ್ಲಿ ಮೂಳೆ ಎದ್ದವು. ಒಂದು ಮಧ್ಯಾಹ್ನ ಅವನ ತಾಯಿ ಅಡುಗೆಮನೆಯ ಬಾಗಿಲು ತಳ್ಳಿದಳು. ಮಗ ನಾಲ್ಕು ಕಾಲೂರಿ, ನೆಲದ ಮೇಲೆ ಚೆಲ್ಲಿದ ಅನ್ನವನ್ನು ಬಾಯಿಂದ ಎತ್ತಿ ತಿನ್ನುತ್ತಿದ್ದ. ಅದು ಮಾತ್ರ ಒಳಗಿಳಿಯುತ್ತಿತ್ತು.

ಮಾರನೆಯ ದಿನ ಅವಳು ನೆಲವನ್ನು ಚೆನ್ನಾಗಿ ತೊಳೆದು ಒರೆಸಿ, ಅನ್ನಕ್ಕೆ ತುಪ್ಪ ಹಾಕಿ ಕಲಸಿ, ಒಲೆಯ ಪಕ್ಕ ಸುರಿದಳು. "ಬಾರಪ್ಪ" ಎಂದು ಕರೆದು, ಗೋಡೆಗೆ ಮುಖ ಮಾಡಿ ಕುಳಿತಳು.